ಲ್ಯಾಬಿನ ಅಕ್ಕಾರ ಪರದೆ

ಲ್ಯಾಬಿನ ಅಕ್ಕಾರ ಹೆಬ್ಬೆರಳು, ತೋರುಬೆರಳಿನ ತುದಿ ಸದಾ ನೇರಳೆ. ತಪಾಸಣೆಯ ಗಾಜಿನ ಮೇಲೆ ಹಾಕುವ ಬಣ್ಣ. ಎಷ್ಟು ತೊಳೆದರೂ ಹೋಗದು. ಆ ಬೆರಳಲ್ಲೇ ಚುರಮುರಿ ತಿನ್ನುತ್ತಿದ್ದರು, ಆ ಬೆರಳನ್ನೇ ಜನರ ಮುಖಕ್ಕೆ ಚಾಚಿ ಮಾತಾಡುತ್ತಿದ್ದರು. ಅವರು ನಕ್ಕದ್ದು ನನಗೆ ನೆನಪಿಲ್ಲ. ನಕ್ಕಿರಲೂಬಹುದು; ಕಟುವಾದದ್ದನ್ನಷ್ಟೇ ನಾನು ಉಳಿಸಿಕೊಂಡಿದ್ದೇನೋ ಏನೋ.

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಲ್ಯಾಬ್. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕೂಡಿಸಿ, ಅದು ಕಂಡದ್ದನ್ನು ಆಗಿಂದಾಗಲೇ ಗೋಡೆಯ ಪರದೆಯಲ್ಲಿ ತೋರಿಸುತ್ತಿದ್ದರು. ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ತಡೆತಡೆದು ಬರುತ್ತಿತ್ತಂತೆ. ನೋಡಲು ಮನಸ್ಸಿಲ್ಲದವರು 'ಹ್ಯಾಂಗ್ ಆಗೇತಿ' ಎಂದು ಎದ್ದುಬಿಡುತ್ತಿದ್ದರು. ಅದಕ್ಕೇ ಹುಬ್ಬಳ್ಳಿಯಿಂದ ಗ್ರಾಫಿಕ್ಸ್ ಕಾರ್ಡ್ ತರಿಸಿ, ಕ್ಯಾಮೆರಾದ ಚಿತ್ರವನ್ನು ಅದರ ಮೂಲಕವೇ ಓಡಿಸುವ ಸಾಫ್ಟ್‌ವೇರ್ ಹಾಕಿಸಿದ್ದರು.

"ಈಗ ಚಿತ್ರ ತಡಾ ಮಾಡೂದಿಲ್ಲ. ನೋಡಾವ್ರ ತಡಾ ಮಾಡ್ತಾರ," ಎನ್ನುತ್ತಿದ್ದರು.

ನನಗೆ ಮಕ್ಕಳಾಗಿರಲಿಲ್ಲ. ಸವದತ್ತಿಯಲ್ಲಿ ಕಾಳಿನ ವ್ಯಾಪಾರದ ಮನೆ ನಮ್ಮದು. ನನ್ನನ್ನು ತವರಿಗೆ ಅಟ್ಟಿ ಮಗನಿಗೆ ಇನ್ನೊಂದು ಮದುವೆ ಮಾಡಲು ಅತ್ತೆ ಕಿತ್ತೂರಿನ ಕಡೆ ಹೆಣ್ಣು ನೋಡಿ ಬಂದಿದ್ದರು. ದೋಷ ಗಂಡನದೇ ಎಂದಿದ್ದ ವೀರ್ಯ ತಪಾಸಣೆಯ ಮೊದಲ ವರದಿಯನ್ನು "ಕಾಗದದಾಗ ಏನ ಬೇಕಾದ್ದ ಬರೀತಾರ" ಎಂದು ತಳ್ಳಿಹಾಕಿದ್ದರು. ಎರಡನೆಯ ತಪಾಸಣೆಗೆ ಅಕ್ಕಾರು ಅತ್ತೆಯನ್ನೂ ಕರೆಸಿದರು.

ಪರದೆಯ ತುಂಬ ಬಾಲವಿದ್ದ ಚುಕ್ಕೆಗಳು. ಒಂದೂ ಅಲುಗಲಿಲ್ಲ.

"ನಿಮ್ಮ ಕಂಪ್ಯೂಟರ್ ನಿಂತೈತ್ರಿ," ಎಂದರು ಅತ್ತೆ.

ಅಕ್ಕಾರು ಗಾಜನ್ನು ತುಸು ಸರಿಸಿದರು. ಪರದೆಯ ಚುಕ್ಕೆಗಳೆಲ್ಲ ಒಟ್ಟಿಗೆ, ನೀರಿನಂತೆ ಜಾರಿದವು. ಕೈ ನಿಲ್ಲಿಸಿದರು, ಅವೂ ನಿಂತವು.

"ಕಂಪ್ಯೂಟರ್ ಓಡಾಕತ್ತೈತ್ರಿ ಅವ್ವಾರ. ನಿಮ್ಮವ ಓಡವಲ್ಲವು."

"ಎ.ಸಿ. ತಂಪಿಗೆ ಮುದುಡಿರಬೇಕು."

"ಹಂಗಾರ ಕಂಬಳಿ ಹೊದಸ್ರಿ."

ನನ್ನ ಗಂಡ ತಲೆ ತಗ್ಗಿಸಿದ. ನೇರಳೆ ಬೆರಳು ಅವನ ಗದ್ದ ಎತ್ತಿತು. "ತೆಳಗ್ಯಾಕ ನೋಡ್ತಿ ತಮ್ಮಾ? ನಿಂದೇ ಐತಿ, ನೋಡು." ಅವನ ಕಣ್ಣಲ್ಲಿ ನೀರು. ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲಿದ್ದವರು ಇಣುಕುತ್ತಿದ್ದರು. ಬಾಗಿಲನ್ನು ಅಕ್ಕಾರು ಬೇಕೆಂದೇ ತೆರೆದಿಟ್ಟಿದ್ದರೇ? ನನಗೆ ಈಗಲೂ ಗೊತ್ತಿಲ್ಲ. ನನ್ನ ಸಲುವಾಗಿ ಅಷ್ಟೆಲ್ಲ ಮಾಡಿದರೆಂದು ನಂಬಿ, ಹೊರಡುವಾಗ ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಂಡರು.

"ಭಾಳ ಹಿಗ್ಗಬ್ಯಾಡ ತಂಗಿ. ನಿಂದೇನ ನಾ ಇನ್ನೂ ನೋಡಿಲ್ಲ."

ಬೆಂಚಿನ ಮೇಲಿದ್ದವರಿಂದ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತು. ಕಿತ್ತೂರಿನವರು ಹೆಣ್ಣು ಕೊಡುವುದಿಲ್ಲವೆಂದರು. ನಾನು ಉಳಿದೆ. ಆ ಮನೆಯಲ್ಲಿ ಮತ್ತೆ ನನ್ನನ್ನು ಬಂಜೆ ಎಂದವರಿಲ್ಲ, ಮಾತಾಡಿಸಿದವರೂ ಇಲ್ಲ.

ಹೋದ ವರ್ಷ ಅಕ್ಕಾರು ತೀರಿಕೊಂಡರು. ಸುದ್ದಿ ಬಂದ ದಿನ ಅತ್ತೆ ಹಬ್ಬವಿಲ್ಲದೆ ಸಿಹಿ ಸಜ್ಜಕ ಮಾಡಿದರು, ಮೇಲೆ ತುಪ್ಪ ಸುರಿದರು. "ಸತ್ಲು, ಬಾಯಿ ಮುಚ್ಚಿತು. ಉಣ್ರಿ." ಗಂಡ ತಾಟು ಸರಿಸಿ ಎದ್ದುಹೋದ. ಅಕ್ಕಾರಿಂದ ಅಷ್ಟು ನೊಂದವನು ಅವನೊಬ್ಬನೇ.

ಆ ಮನೆಯಲ್ಲಿ ನನ್ನ ತಾಟಿಗೊಂದು ಜಾಗ ಉಳಿದದ್ದು ಅವರಿಂದ. ನಾನು ಅಲ್ಲೇ ಕುಳಿತು ಎಲ್ಲವನ್ನೂ ತಿಂದೆ.