ಬರಿಗಾಲಿನ ಫೋರ್‌ಮನ್

ಕತಾರ್‌ನ ಮೆಸಯೀದ್‌ನಲ್ಲಿದ್ದ ನಮ್ಮ ಕಾರ್ಖಾನೆಯಲ್ಲಿ, ಎತ್ತರದ ಕೆಲಸಕ್ಕೆ ಪೈಪಿನ ಅಟ್ಟಣಿಗೆ ಕಟ್ಟಿಸುವ ಸ್ಕ್ಯಾಫೋಲ್ಡಿಂಗ್ ಫೋರ್‌ಮನ್ ಆಗಿದ್ದ ಅವರನ್ನು ಎಲ್ಲರೂ ಕಾಕ ಎನ್ನುತ್ತಿದ್ದರು. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಂ. ಇಡೀ ಕತಾರ್ 'ಯಲ್ಲಾ, ಯಲ್ಲಾ' ಎಂದು ಅವಸರ ಮಾಡಿದರೆ ಅವರದು 'ಯಲ್ಲಾ, ನಿಧಾನ'. ಕಟ್ಟಿದ ಪ್ರತಿ ಪೈಪನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ ಮೇಲೆಯೇ ಜನರನ್ನು ಹತ್ತಿಸುತ್ತಿದ್ದರು. ಸೇಫ್ಟಿ ಶೂ ಲೇಸು ಸಡಿಲವಿದ್ದರೆ ಎಂಜಿನಿಯರ್ ಆದ ನನ್ನನ್ನೂ ಬಿಡುತ್ತಿರಲಿಲ್ಲ.

ಒಮ್ಮೆ ಕಂಪನಿ ನಮ್ಮಿಬ್ಬರನ್ನು ತರಬೇತಿಗೆಂದು ಜರ್ಮನಿಗೆ ಕಳಿಸಿತು. ರಜೆಯ ದಿನ ಒಂದು ಹಳೆಯ ಚರ್ಚಿಗೆ ಹೋದೆವು. ಯುದ್ಧದಲ್ಲಿ ಬಾಂಬು ಬಿದ್ದು ಛಾವಣಿ ಹಾರಿಹೋಗಿದ್ದ ಅದನ್ನು, ಸತ್ತವರ ನೆನಪಿಗೆಂದು ಹಾಗೆಯೇ ಉಳಿಸಿದ್ದರು. ಏಪ್ರಿಲ್‌ನಲ್ಲೂ ಬಿಡದ ಕೊರೆಯುವ ಚಳಿಯಲ್ಲಿ ಕಾಕ ಬಾಗಿಲ ಬಳಿ ಬಗ್ಗಿ ಶೂ ಬಿಚ್ಚತೊಡಗಿದರು.

"ಇಲ್ಲಿ ಶೂ ತೆಗೀಬೇಕಾಗಿಲ್ಲ ಕಾಕ. ಈಗ ಪ್ರಾರ್ಥನೆಯೂ ನಡೆಯಲ್ಲ," ಎಂದೆ.

"ಮೇಲಿನ ಮಾಡು ಹಾರಿಹೋಯ್ತು ಅಂತ ದೇವರ ಮನೆ ಅಲ್ಲ ಅಂತ ಆಗ್ತದಾ ಸಾರ್?"

ಒಳಗೆ ಸುಟ್ಟ ಗೋಡೆಯನ್ನು ಅಭ್ಯಾಸದಂತೆ ತಟ್ಟಿದರು. ಆಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು.

"ಇವ್ರು ಬಿದ್ದದ್ದನ್ನೂ ಇಟ್ಕೊಂಡಿದ್ದಾರೆ. ನಾವು ಮರುದಿನವೇ ತೊಳ್ದು ಖಲಾಸ್ ಮಾಡಿದ್ದು."

ಹಿಂದಿನ ವರ್ಷ ನಮ್ಮ ಕಾರ್ಖಾನೆಯ ಮೂರನೇ ಟ್ಯಾಂಕಿನ ಮೇಲಿನಿಂದ ಬಿದ್ದು ತೀರಿಕೊಂಡ ಅವರ ಗ್ಯಾಂಗಿನ ನೇಪಾಳಿ ಕೆಲಸಗಾರನ ಮಾತದು.

ಮೆಸಯೀದ್‌ಗೆ ಮರಳಿದ ಮೊದಲ ದಿನ, ಕೆಲಸ ಮುಗಿದು ಎಲ್ಲರೂ ಬಸ್ಸು ಹತ್ತಿದ್ದೆವು. ಕಾಕ ಬಂದಿರಲಿಲ್ಲ. ಕಿಟಕಿಯಿಂದ ನೋಡಿದೆ. ಮೂರನೇ ಟ್ಯಾಂಕಿನ ಬುಡದಲ್ಲಿ, ಸೇಫ್ಟಿ ಶೂ ಪಕ್ಕಕ್ಕಿಟ್ಟು, ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು.

ಡ್ರೈವರ್ ಹಾರ್ನ್‌ಗೆ ಕೈಯಿಟ್ಟ.

"ನಿಧಾನ," ಎಂದೆ.