ಹೆಚ್ಚಾಗ್ಯಾದ ಅಂದ್ರ

ಭೂಮಿಯ ಉತ್ತರ ತುದಿಗೆ ಯಾವ ಧ್ರುವ ಅದ? ಪ್ರಾಕ್ಟಿಕಲ್ ಪರೀಕ್ಷಾದಾಗ ಹುಡುಗ್ರನ್ನ ಕಾಡ್ಲಿಕ್ಕ ನಾ ಇಟ್ಕೊಂಡಿರೋ ಪ್ರಶ್ನಿ ಇದು. ಎಲ್ಲಾರೂ ಪಟಕ್ಕನ "ಉತ್ತರ ಧ್ರುವ ಮೇಡಂ" ಅಂತಾರ. ಹಂಗಾದ್ರ ದಿಕ್ಸೂಚಿಯ ಉತ್ತರದ ಮುಳ್ಳನ್ನ ಅದು ಯಾಕ ಎಳೀತದ, ಸಜಾತಿ ಅಂದ್ಮ್ಯಾಲ ದೂಡಬೇಕಲ್ಲ, ಅಂತೀನಿ. ಪಾಪ, ಮಾರಿ ಸಣ್ಣದಾಗ್ತದ. ಅಯಸ್ಕಾಂತದ ಲೆಕ್ಕದಾಗ ಅಲ್ಲಿರೋದು ದಕ್ಷಿಣ ಧ್ರುವ. ಊರಿಗೆಲ್ಲಾ ಅದು ಉತ್ತರ ಅಂತ ಹೆಸರಾಗ್ಯಾದ, ಸ್ವಭಾವ ಮಾತ್ರ ಉಲ್ಟಾ.

ಕರೆಂಟಿನ ಕತಿ ಇನ್ನೂ ಮಜಾ. ಪುಸ್ತಕದಾಗ ಬಾಣದ ಗುರುತು ಪ್ಲಸ್‌ದಿಂದ ಮೈನಸ್‌ಗೆ ಹೋಗ್ತದ. ಖರೇ ಅಂದ್ರ ತಂತಿಯೊಳಗಿನ ಎಲೆಕ್ಟ್ರಾನು ಮೈನಸ್‌ದಿಂದ ಪ್ಲಸ್‌ಗೆ ಓಡ್ತದ. ಎಲೆಕ್ಟ್ರಾನ್ ಅಂದ್ರೇನು ಅಂತ ಗೊತ್ತಾಗೋಕಿಂತ ಮೊದ್ಲೇ ಬಾಣ ಬರದು ಕೂತಿದ್ರು, ಆಮ್ಯಾಲ ತಿದ್ದೋ ಉಸಾಬರಿ ಯಾರಿಗೆ ಬೇಕು? ಎಲ್ಲಾರೂ ಒಂದೇ ಥರ ಉಲ್ಟಾ ಬರದ್ರ ಲೆಕ್ಕೇನು ತಪ್ಪಂಗಿಲ್ಲ, ಬಲ್ಬೂ ಹತ್ತತದ. ಒಬ್ರು ಉಲ್ಟಾ, ಒಬ್ರು ಸುಲ್ಟಾ ಬರದ್ರನ ಗದ್ಲ. ಬೀದರದ ಕಾಲೇಜಿನಾಗ ಫಿಜಿಕ್ಸ್ ಹೇಳೋಕಿ ನಾನು, ವರ್ಷಾ ವರ್ಷಾ ಇದನ್ನ ಬಾಯಿ ನೋಯಿಸ್ಕೊಂಡು ಹೇಳ್ತೀನಿ. ಅದೇ ಗದ್ಲ ನನ್ನ ಅಡಗಿಮನಿಯೊಳಗ ನಡದದ್ದು ಮಾತ್ರ ನನಗ ಗೊತ್ತಾಗ್ಲಿಲ್ಲ.

ಭಾಲ್ಕಿಯಾಗ ಅಣ್ಣನ ಮನ್ಯಾಗಿರೋ ನಮ್ಮವ್ವ, ಕಾಲಿನ ಗಾಯ ತೋರಿಸ್ಲಿಕ್ಕ ಅಂತ ಬೀದರಕ್ಕ ನನ್ನ ಕಡೆ ಬಂದಿದ್ಳು. ಸಕ್ರಿ ರೋಗ ಹಳೇದು. ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ್ದು ಹಣ್ಣಾಗಿ ಕೂತಿತ್ತು. ಡಾಕ್ಟರು ಸೀದಾ ಹೇಳಿದ್ರು: ಇನ್ಸುಲಿನ್ ಒಂದಿನಾನೂ ತಪ್ಪಬಾರ್ದು, ಸಕ್ರಿ ಇಳದ್ರ ಬೆರಳು ಉಳೀತದ, ಇಲ್ಲಾಂದ್ರ ತೆಗೀಬೇಕಾಗ್ತದ. ಅವ್ವ ಹೂಂ ಅಂದ್ಳು. ಸೂಜಿ ಚುಚ್ಕೊಳ್ಳೋದು ಅಕಿಗೆ ರೂಢಿ, ತಾನೇ ಚುಚ್ಕೊಂತಿದ್ಳು. ಇನ್ಸುಲಿನ್‌ಗೆ ಅಕಿ ಇಟ್ಟ ಹೆಸರು ಮದ್ದು.

ಮನ್ಯಾಗ ಇನ್ನೊಬ್ರು ಅಂದ್ರ ನಮ್ಮವರು. ಮೈಸೂರಿನ ಕಡೆಯವರು, ಬ್ಯಾಂಕಿನ ಕೆಲಸದ ಮ್ಯಾಲ ಬೀದರಕ್ಕ ಬಂದವರು. ನಮ್ಮ ಲಗ್ನಾಗಿ ಇನ್ನೂ ವರ್ಷ ತುಂಬಿರ್ಲಿಲ್ಲ. ಅವರು "ಅಮ್ಮ, ಊಟ ಆಯ್ತಾ?" ಅಂತ ಮೆತ್ತಗ ಕೇಳ್ತಿದ್ರು. ಅವ್ವ ಸೆರಗು ಸರಿಮಾಡ್ಕೊಂಡು "ಆಗ್ಯಾದ್ರಿ, ನಿಮ್ದಾತೇನ್ರಿ" ಅಂತಿದ್ಳು. ಇಬ್ರೂ ನಕ್ಕು ಸುಮ್ಮನಾಗ್ತಿದ್ರು. ಒಬ್ರ ಮಾತು ಇನ್ನೊಬ್ರಿಗೆ ಅರ್ಧಕ್ಕರ್ಧ ತಿಳೀತಿರ್ಲಿಲ್ಲ, ಆದ್ರ ಮತ್ತೊಮ್ಮೆ ಕೇಳಿದ್ರ ಎಲ್ಲಿ ಮರ್ಯಾದಿ ಹೋಗ್ತದೋ ಅಂತ ಇಬ್ರಿಗೂ ಸಂಕೋಚ.

ಅಂಥಾದ್ರಾಗ ನನಗ ಔರಾದಿಗೆ ಪ್ರಾಕ್ಟಿಕಲ್ ಪರೀಕ್ಷಾದ ಡ್ಯೂಟಿ ಬಿತ್ತು. ದಿನಾ ಹೋಗಿ ಬರೋದು ಬಸ್ಸಿನ ದೆಸಿಂದ ಆಗೋ ಮಾತಲ್ಲ. ಅಲ್ಲಿ ಕೆಮಿಸ್ಟ್ರಿ ಹೇಳೋ ನನ್ನ ಗೆಳತಿ "ಹೋಟೆಲ್ ಗೀಟೆಲ್ ಅಂದ್ರ ಕಾಲ್ ಮುರೀತೀನಿ, ಮನಿಗೆ ಬಾ" ಅಂದ್ಳು. ಹೋಗೋ ಮುಂದ ನಮ್ಮವರಿಗೆ ಒಂದೇ ಕೆಲಸ ಹೇಳಿದ್ದೆ. ಅವ್ವನ ಮದ್ದು ಅದನೋ ಇಲ್ಲೋ ದಿನಾ ಕೇಳ್ರಿ, ಮುಗದ್ರ ತಂದುಕೊಡ್ರಿ. ಅವರು ದಿನಾ ಕೇಳಿದ್ರು. ನಾ ಫೋನ್ ಮಾಡ್ದಾಗೆಲ್ಲಾ "ಔಷಧಿ ಬೇಕಾದಷ್ಟಿದೆ, ನೀನು ಪರೀಕ್ಷೆ ನೋಡ್ಕೋ" ಅಂದ್ರು. ಅವ್ವನ ಕೈಗೆ ಫೋನ್ ಕೊಟ್ರ "ಆರಾಮಿದೀನವ್ವಾ" ಅಂತ ಒಂದೇ ಮಾತು.

ಔರಾದಿನ ಹುಡುಗ್ರು ಚೂಟಿ. ನನ್ನ ಧ್ರುವದ ಪ್ರಶ್ನಿಗೆ ಒಬ್ಬ ಹುಡುಗಿ "ಉತ್ತರದಾಗ ದಕ್ಷಿಣ ಅದರಿ, ಅದೇ ನನ್ನ ಉತ್ತರ" ಅಂದ್ಬಿಟ್ಳು. ನಗು ತಡೀಲಿಕ್ಕಾಗ್ದ ಪೂರಾ ಮಾರ್ಕ್ಸ್ ಹಾಕ್ದೆ. ಅವತ್ತು ಸಂಜಿಮುಂದ ಗೆಳತಿ ಮನ್ಯಾಗ ಇದನ್ನೇ ಹೇಳ್ಕೊಂತ ಚಹಾ ಕುಡೀಲಿಕ್ಕತ್ತಿದ್ದೆ. ಬಟ್ಟಿ ಅಂಗಡಿ ಇಟ್ಟಿರೋ ಅಕಿ ತಮ್ಮ ಒಳಗ ಬಂದು, ಅವರಮ್ಮಗ "ದುಕಾನ್ ಬಢಾ ಕೆ ಆಯಾ ಅಮ್ಮಿ" ಅಂದ.

"ಅರೇ, ಅಂಗಡಿ ದೊಡ್ಡದು ಮಾಡಿದ್ರೇನು? ಬಾಜೂದ್ದು ತಗೊಂಡ್ರಾ?" ಅಂತ ನಾ ಕೇಳ್ದೆ.

ಮನಿಮಂದಿಯೆಲ್ಲಾ ಹೋ ಅಂತ ನಕ್ರು. ಗೆಳತಿ ತಿಳಿಸಿ ಹೇಳಿದ್ಳು. ಅಂಗಡಿ ಬಂದ್ ಮಾಡಿದೆ ಅಂತ ಅವರು ಬಾಯಿಬಿಟ್ಟು ಅನ್ನಂಗಿಲ್ಲ, ಬಂದ್ ಅಂದ್ರ ಬರಕತ್, ಅಂದ್ರ ಏಳ್ಗಿ, ಹೋಗ್ತದ. ಅದಕ್ಕ ಮುಚ್ಚೋದಕ್ಕ ಹೆಚ್ಚಿಸೋದು ಅಂತಾರ. ಉಂಡ ಮ್ಯಾಲ ಊಟಕ್ಕ ಹಾಸಿದ ದಸ್ತರಖಾನ ಎತ್ತೋದಕ್ಕೂ ಅದೇ ಮಾತು. ಓಣಿಯ ಮರಾಠಿ ಬಳಿಗಾರ್ತಿನೂ ಬಳಿ ಒಡದ್ರ ಬಾಂಗಡಿ ವಾಢವ್ಲಿ, ಬಳಿ ಹೆಚ್ಚಾತು, ಅಂತಾಳಂತ.

ನನಗೋ ಖುಷಿ ಅಂದ್ರ ಖುಷಿ! ನಮ್ಮವ್ವನೂ ಹಂಗೇ ಅಲ್ಲೇನು? ಡಬ್ಬ್ಯಾಗ ಅಕ್ಕಿ ಒಂದು ಕಾಳಿಲ್ಲಾಂದ್ರ "ಅಕ್ಕಿ ಹೆಚ್ಚ್ಯಾವ" ಅಂತಾಳ. ದೀಪ ಆರಿಸು ಅನ್ನಂಗಿಲ್ಲ, ದೊಡ್ಡದು ಮಾಡು ಅಂತಾಳ. ಇಲ್ಲ ಅನ್ನೋದು ಹೊಸ್ತಿಲೊಳಗ ಬರಬಾರ್ದ ಮಾತು. ಕನ್ನಡ, ಮರಾಠಿ, ಉರ್ದು, ಮೂರೂ ಕೂಡಿ ಮೈನಸ್ಸಿಗೆ ಪ್ಲಸ್ ಅಂತ ಹೆಸರಿಟ್ಟಾವ! ಯಾರು ಯಾರಿಂದ ಕಲ್ತ್ರೋ? ಯಾವ ಬಾಣ ಮೊದಲು ಬರದದ್ದು? ಚಹಾ ಅಷ್ಟಕ್ಕೇ ಬಿಟ್ಟು ನಮ್ಮವರಿಗೆ ಫೋನ್ ಹಚ್ಚಿದೆ. ಇಂಥಾ ಮಾತು ಕೇಳಿದ್ರ ಅವರಿಗೂ ಹುರುಪು ಬರ್ತದ ಅಂತ.

ನಾ ವಟವಟ ಎಲ್ಲಾ ಹೇಳ್ದೆ.

"ಹೆಚ್ಚಾಗಿದೆ ಅಂದ್ರೆ... ಖಾಲಿ ಅಂತಲಾ?" ಅಂದ್ರು.

"ಹೌದ್ರಿ, ಅದನ್ನೇ ಅಲ್ಲೇನು ಹೇಳ್ಲಿಕ್ಕತ್ತಿದ್ದು?"

"ಅಮ್ಮ ದಿನಾ ಅದೇ ಹೇಳ್ತಾರೆ ಕಣೇ. ಮದ್ದು ಹೆಚ್ಚಾಗ್ಯಾದ್ರಿ ಅಂತ."

ಬಾಟ್ಲಿ ನೋಡ್ರಿ ಅಂತ ಚೀರ್ದೆ. ಫೋನಿನಾಗ ಫ್ರಿಜ್ಜಿನ ಬಾಗಿಲಾ ತಗದದ್ದು ಕೇಳಿಸ್ತು. ಬಾಟ್ಲಿ ಒಣಗಿತ್ತು. ನಾ ಔರಾದಿಗೆ ಬಂದ ಮರುದಿನಾನೇ ಮುಗದಿತ್ತಂತ. ವಾರ ಕಳದಿತ್ತು.

ಗೆಳತಿ ತಮ್ಮ ಹಿಂದ ಮುಂದ ನೋಡ್ದ ತನ್ನ ಗಾಡ್ಯಾಗ ನನ್ನ ಬೀದರಕ್ಕ ತಂದು ಬಿಟ್ಟ. ದಾರಿಯುದ್ದಕ್ಕೂ ನಾ ಅವ್ವನ್ನ ಬೈದೆ, ನಮ್ಮವರನ್ನ ಬೈದೆ, ಸುಡುಗಾಡು ಭಾಷಾನೂ ಬೈದೆ. ಅಷ್ಟೊತ್ತಿಗೆ ನಮ್ಮವರು ಅವ್ವನ್ನ ಆಸ್ಪತ್ರಿಗೆ ಸೇರಿಸಿದ್ರು, ಸಲಾಯಿನ್ ಹಚ್ಚಿತ್ತು. ಬೆರಳು ಕಪ್ಪಾಗಿತ್ತು. ಮರುದಿನ ಡಾಕ್ಟರು ಹೊರಗ ಬಂದು, ಇದನ್ನ ಇಟ್ರ ಪಾದಕ್ಕ ಏರ್ತದ ಅಂದ್ರು. ಹೆಬ್ಬೆರಳು ತೆಗದ್ರು. ನಾ ಗ್ವಾಡಿಗೆ ಆನ್ಕೊಂಡು ಅತ್ತೆ.

ನಮ್ಮವರ ಮಾರಿ ನೋಡ್ಲಿಕ್ಕ ಆಗ್ತಿರ್ಲಿಲ್ಲ. ಅವ್ವಗ ಎಚ್ಚರಾದ ಮ್ಯಾಲ ಮಂಚದ ಬಾಜೂಕ ನಿಂತು "ನನಗೆ ಅರ್ಥ ಆಗ್ಲಿಲ್ಲಮ್ಮ" ಅಂತ ಮತ್ತ ಮತ್ತ ಅದನ್ನೇ ಅಂದ್ರು. ಅವ್ವ ಆ ಕಡೆ ಹೊಳ್ಳಿದ್ಳು. ನಾನೇ ತಡೀಲಾರ್ದ ಕೇಳ್ದೆ: "ಅಲ್ಲಬೇ, ಇವರು ತರ್ಲಿಲ್ಲಾಂದ್ರ ನನಗರೆ ಹೇಳ್ಬೇಕಲ್ಲ? ದಿನಾ ಫೋನಿನಾಗ ಆರಾಮಿದೀನಿ ಅಂದ್ಯಲ್ಲ, ಯಾಕ?"

ಅವ್ವ ಗ್ವಾಡಿ ಕಡೆ ನೋಡ್ಕೊಂತ ಹೇಳಿದ್ಳು. "ಮೊದಲ್ನೇ ದಿನಾನೇ ಹೇಳ್ದೆ, ಮದ್ದು ಹೆಚ್ಚಾಗ್ಯಾದ್ರಿ ಅಂತ. 'ಒಳ್ಳೇದಾಯ್ತು ಬಿಡಿ' ಅಂದ್ರು. ನಕ್ಕೋಂತ ಅಂದ್ರು. ಮರುದಿನಾನೂ ಅದೇ. ನಾ ಇದ್ದದ್ದು ಅವರಿಗೆ ಭಾರಾಗ್ಯಾದ ಅಂತ ತಿಳ್ಕೊಂಡೆ. ನಿನಗ ಹೇಳಿದ್ರ ನೀ ಅವರ ಕೂಡ ಜಗಳಾ ತೆಗೀತಿದ್ದಿ. ಹೊಸಾ ಸಂಸಾರ. ಬೆರಳು ಹೋದ್ರ ಹೋಗ್ಲಿ ಅಂದೆ."

ಎಂಟು ದಿನ ಅಕಿ ಆ ಮನ್ಯಾಗ, ತನ್ನನ್ನ ಸಾಯ್ಲಿ ಅಂತ ಬಿಟ್ಟಾರ ಅಂತ ತಿಳ್ಕೊಂಡೇ, ಅವರಿಗೆ ಬಿಸಿ ರೊಟ್ಟಿ ಮಾಡಿ ಬಡಿಸಿದ್ಳು.

ನಮ್ಮವರು ಅಲ್ಲೇ ನೆಲಕ್ಕ ಕುಸದ್ರು. "ಬೈಬೇಕಿತ್ತಮ್ಮ ನನ್ನನ್ನ. ಕತ್ತು ಹಿಡ್ಕೊಂಡು ಕೇಳ್ಬೇಕಿತ್ತು, ಯಾಕೋ ತರಲಿಲ್ಲ ಅಂತ."

"ಹ್ಯಾಂಗ ಬೈಲ್ರಿ? ನೀವು ಅಳಿಯಂದ್ರು."

ಅವರು ಹಾಸಗಿ ಅಂಚಿಗೆ ಹಣಿ ಹಚ್ಚಿ ಸಣ್ಣ ಹುಡುಗನಂಗ ಅಳ್ಲಿಕ್ಕತ್ತಿದ್ರು. ಅವ್ವ ಈ ಕಡೆ ಹೊಳ್ಳಿ ನೋಡಿದ್ಳು. ಆಮ್ಯಾಲ ಸಲಾಯಿನ್ ಹಚ್ಚಿದ ಕೈಲೇ ಅವರ ತಲಿಗೆ ಒಂದು ಏಟು ಕೊಟ್ಳು.

"ಏ ಹುಚ್ಚಪ್ಯಾಲಿ, ಸಾಕು ಏಳು. ಇಷ್ಟು ಕಲ್ತು ಬ್ಯಾಂಕಿನಾಗ ಕೂಡ್ತಿ, ಫ್ರಿಜ್ ತಗದು ನೋಡ್ಲಿಕ್ಕ ನಿನಗೇನು ದಾಡಿ ಬಡದಿತ್ತು? ನಿನ್ನೆಯಿಂದ ಏನರೆ ತಿಂದೀಯೋ ಇಲ್ಲೋ?"

ಅಳಿಯಗ ಅಕಿ ನೀ ಅಂದದ್ದು ಅವತ್ತೇ ಮೊದಲು.

"ಇಲ್ಲಮ್ಮ" ಅಂದ್ರು ನಮ್ಮವರು, ತಲಿ ಎತ್ತದಂಗ.