ಶಿಕೋಕುವಿನ ಎಡತಿರುವುಗಳು

ಜಪಾನಿನ ಶಿಕೋಕು ದ್ವೀಪದಲ್ಲಿ ಅದು ನಮ್ಮ ಐದನೆಯ ದಿನ. ಶತಮಾನಗಳಿಂದ ಯಾತ್ರಿಕರು ನಡೆದು ಸುತ್ತುವ ಬೌದ್ಧ ದೇಗುಲಗಳನ್ನು ನಾನೂ ಯಜಮಾನರೂ ಕ್ಯಾಂಪರ್ ವ್ಯಾನಿನಲ್ಲಿ ಸುತ್ತುತ್ತಿದ್ದೆವು. ಮಲಗುವುದು, ಚಿತ್ರಾನ್ನ ಕಲಸುವುದು, ಜಗಳವಾಡುವುದು ಎಲ್ಲ ಆ ಡಬ್ಬಿಯೊಳಗೇ. ನಿವೃತ್ತರಾದ ಮೇಲೆ ಅವರು ಹಿಡಿದ ಹಟ ಇದು. ನನಗೋ ಸೊಂಟ ಬಿದ್ದುಹೋಗಿತ್ತು. ಬೆಂಗಳೂರಿನ ಕಾಕ್ಸ್ ಟೌನಿನ ಮನೆಯ ಮಂಚ ನೆನೆದರೆ ಅಳು ಬರುತ್ತಿತ್ತು.

ಸೊಂಟಕ್ಕಿಂತ ಹೆಚ್ಚು ದಣಿದದ್ದು ಬಾಯಿ. ಬೆಟ್ಟದ ರಸ್ತೆಯ ಪ್ರತಿ ಎಡತಿರುವಿಗೂ ನಾನು ಎಚ್ಚರಿಸಬೇಕಿತ್ತು. ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಮೂವತ್ತು ವರ್ಷ ಒಂದು ಗೀರೂ ಬೀಳದಂತೆ ಕಾರು ಓಡಿಸಿದ ಮಹಾನುಭಾವರು, ಇಲ್ಲಿ ಖಾಲಿ ರಸ್ತೆಯಲ್ಲಿ ಎರಡು ಸಲ ಚರಂಡಿಯ ಅಂಚಿಗೆ ಚಕ್ರ ತಾಗಿಸಿದ್ದರು. ಕೇಳಿದರೆ ರಸ್ತೆ ಕಿರಿದು ಅಂತ ನನ್ನ ಮೇಲೇ ರೇಗುತ್ತಿದ್ದರು.

ಅಂದು ಮಧ್ಯಾಹ್ನ ದೇಗುಲವೊಂದರಿಂದ ಇಳಿಯುವಾಗ, ರಸ್ತೆಯ ಎಡಕ್ಕೆ ಬಿಳಿ ಅಂಗಿ ತೊಟ್ಟ ಯಾತ್ರಿಕ ಮುದುಕಿಯೊಬ್ಬಳು ಕೋಲೂರಿ ನಡೆಯುತ್ತಿದ್ದಳು. ಗಾಡಿ ನೇರ ಅವಳತ್ತಲೇ ಹೋಯಿತು. ನಾನು ಕಿರುಚಿದೆ. ಒಂದು ಮೊಳ ದೂರದಲ್ಲಿ ನಿಂತಿತು. ತಪ್ಪು ತನ್ನದೇ ಎನ್ನುವಂತೆ ಆಕೆ ಬಗ್ಗಿ ನಮಸ್ಕರಿಸಿ ಮುಂದೆ ಹೋದಳು.

"ಕಾಣಿಸ್ಲಿಲ್ವೇನ್ರೀ ನಿಮ್ಗೆ?"

ಅವರು ಎಂಜಿನ್ ಆರಿಸಿದರು. "ಎಡಗಣ್ಣು ಹೋಗ್ತಿದೆ ಕಣೇ. ಹೊರಡೋಕ್ ಮುಂಚೇನೇ ಡಾಕ್ಟ್ರು ಹೇಳಿದ್ರು."

ಸಿಟ್ಟು ನೆತ್ತಿಗೇರಿತು. ಆ ಮುದುಕಿಗೆ ಏನಾದರೂ ಆಗಿದ್ದರೆ? ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು, ಕಣ್ಣಿರುವಾಗಲೇ ಈ ದ್ವೀಪ ನೋಡಬೇಕು ಅನಿಸಿತು, ಹೇಳಿದ್ದರೆ ನೀನು ಹೊರಡುತ್ತಿರಲಿಲ್ಲ ಎಂದರು. ನಿಜ, ಹೊರಡುತ್ತಿರಲಿಲ್ಲ.

ಆಗ ನೆನಪಾಯಿತು. ಇಂದಿರಾನಗರದ ಆರ್‌ಟಿಒ ಕಚೇರಿಯಲ್ಲಿ ವಿದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ಟನ್ನು ನನಗೂ ಮಾಡಿಸಲೇಬೇಕೆಂದು ಕೂತಿದ್ದರು. ಇಪ್ಪತ್ತು ವರ್ಷದಲ್ಲಿ ಮನೆಯಿಂದ ಬೇಕರಿವರೆಗೆ ಬಿಟ್ಟರೆ ಕಾರು ಓಡಿಸದವಳಿಗೆ ಯಾಕೆ ಅಂತ ನಕ್ಕಿದ್ದೆ. ವ್ಯಾನು ಬಾಡಿಗೆಗೆ ಹಿಡಿಯುವಾಗಲೂ ಎರಡನೇ ಚಾಲಕಿ ಅಂತ ನನ್ನ ಹೆಸರು ಬರೆಸಿದ್ದರು. ಐದು ದಿನವೂ ನೀನು ಓಡಿಸು ಅಂತ ಬಾಯಿಬಿಟ್ಟು ಕೇಳಲಾಗದೆ ಒದ್ದಾಡಿದ್ದಾರೆ, ಪುಣ್ಯಾತ್ಮ.

"ಇಳೀರಿ ಕೆಳಗೆ," ಅಂದೆ.

ಗೇರಿಲ್ಲದ ಗಾಡಿ, ಸದ್ಯ. ಆಮೆಯ ಹಾಗೆ ಇಳಿಸಿದೆ. ಹಿಂದೆ ಮೂರು ಕಾರು ಸಾಲುಗಟ್ಟಿದವು, ಒಬ್ಬರೂ ಹಾರನ್ ಹೊಡೆಯಲಿಲ್ಲ. ಕೆಳಗೆ ಎಡಕ್ಕೆ ಸಮುದ್ರ ಕಂಡಿತು. ಪಕ್ಕದ ಸೀಟಿನಲ್ಲಿದ್ದವರು ಬಲಗಣ್ಣಿಗೆ ಅದು ಸಿಗಲಿ ಅಂತ ಇಡೀ ಮೈಯನ್ನು ಕಿಟಕಿಗೆ ತಿರುಗಿಸಿ ಕೂತರು.

ನಿನಗೆ ಸುಸ್ತಾಗಿದೆ, ಸಾಕು, ಊರಿಗೆ ಹೋಗಿಬಿಡೋಣ ಎಂದರು. ಸೊಂಟ ಸಿಡಿಯುತ್ತಿತ್ತು. ಮುಂದಿನ ದೇಗುಲ ಎಷ್ಟು ದೂರ ಅಂತ ಕೇಳಿದೆ.